ಯಜಮಾನಿಕೆ ಬಿಟ್ಟ ಮೇಲಿನ ಕೆಲಸ

ಗುಂಡಿ ಒತ್ತಿದ ಮೇಲೆ ಕಂಪ್ಯೂಟರನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವ ಡಿಸ್ಕಿಗೆ ಬೂಟ್ ಡಿಸ್ಕ್ ಅಂತಾರ. ವಿಂಡೋಸ್ ಅದರಾಗ ಇರತೈತಿ. ನಸುಕಿನಲ್ಲಿ ಎದ್ದು ಆಳುಕಾಳನ್ನು ಎಬ್ಬಿಸುವ ಮನೆ ಯಜಮಾನ ಇದ್ದಂಗ ಅದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ನೆರವು ಮುಗಿಯಿತು. ಊರೂರಲ್ಲಿ ಕಂಪ್ಯೂಟರ್ ಬದಲಿಸುವ ಮಾತು ಎದ್ದಿತು. ತಟ್ಟೆ ತಿರುಗುವ ಹಳೇ ಹಾರ್ಡ್ ಡಿಸ್ಕಿನ ಜಾಗಕ್ಕೆ ಸಪ್ಪಳಿಲ್ಲದ ಎಸ್‌ಎಸ್‌ಡಿ ಬಂದು ಕೂತಿತು. ಹಳೇದರ ಗತಿ ಏನು? ತಿಳಿದವರು ಅದನ್ನು ಎಸೆಯುವುದಿಲ್ಲ. ಎರಡನೇ ಡಿಸ್ಕಾಗಿ ಜೋಡಿಸಿ ಫೋಟೋ, ಹಾಡು, ಕಾಗದಪತ್ರ ಅದರಾಗ ಇಡತಾರ.

ನನ್ನ ಪ್ರಶ್ನೆ ಇಷ್ಟೇ. ನಿನ್ನೆವರೆಗೆ ಎಲ್ಲರನ್ನೂ ಎಬ್ಬಿಸುತ್ತಿದ್ದದ್ದು ಇಂದು ಬರೀ ಕಾಯುವ ಕೆಲಸಕ್ಕೆ ಬಿದ್ದರೆ ಅದರ ಬೆಲೆ ಇಳಿಯಿತೇನು?

ಇಚಲಕರಂಜಿಯಲ್ಲಿ ಹಳೇ ಮಗ್ಗ ಕಿತ್ತರೆ ಕಬ್ಬಿಣದ ತೂಕಕ್ಕೆ ಗುಜರಿಗೆ ಹೋಗತೈತಿ. ಅದು ನೇಯ್ದ ಬಟ್ಟೆ ಎಂದೋ ಪೇಟೆಗೆ ಹೋಗಿರತೈತಿ, ಮಗ್ಗದೊಳಗ ಏನೂ ಉಳಿದಿರೂದಿಲ್ಲ. ಡಿಸ್ಕಿನ ಮಾತು ಬೇರೆ. ಅದು ನೇಯ್ದದ್ದೆಲ್ಲ ಅದರ ಹೊಟ್ಟೆಯಾಗೇ ಐತಿ. ತಕ್ಕಡಿಯಲ್ಲಿಟ್ಟು ತೂಗಲಿಕ್ಕೆ ಬರೂದಿಲ್ಲ.

ಇನ್ನೊಂದು ಸಂಗತಿ. 1956ರಲ್ಲಿ ಅಮೆರಿಕದ ಐಬಿಎಂ ಕಂಪನಿ ಮೊದಲನೇ ಹಾರ್ಡ್ ಡಿಸ್ಕ್ ತಂದಿತು. 50 ತಟ್ಟೆ, ಸುಮಾರು ಒಂದು ಟನ್ ಭಾರ, ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಅದು ಹುಟ್ಟಿದ್ದೇ ವ್ಯಾಪಾರದ ಲೆಕ್ಕಪತ್ರ ಕಾಯಲಿಕ್ಕೆ. ಮಷಿನ್ ಎಬ್ಬಿಸುವ ಯಜಮಾನಿಕೆ ಅದಕ್ಕೆ ಆಮೇಲೆ ಬಂದದ್ದು. ಅಂದಮೇಲೆ ಕಾಯುವುದು ಡಿಸ್ಕಿಗೆ ಹಿಂಬಡ್ತಿ ಅಲ್ಲ, ಮೂಲ ಕಸುಬು.

ಹಂತಿ ಪದಕ್ಕೂ ಹಿಂಗೇ ಆಯಿತು. ಕಣದ ನಡುವೆ ಮೇಟಿ ನಟ್ಟು, ಎತ್ತು ಕಟ್ಟಿ, ರಾತ್ರಿಯಿಡೀ ಹಾಡುತ್ತಿದ್ದರು. ಹಾಡು ನಿಂತರೆ ಎತ್ತಿನ ಕಾಲೂ ಸೋಲುತ್ತಿತ್ತು, ಮನುಷ್ಯನ ಕಣ್ಣೂ ಮುಚ್ಚುತ್ತಿತ್ತು. ರಾಶಿ ಮಾಡುವ ಮಷಿನ್ ಬಂತು, ಹಂತಿ ನಿಂತಿತು. ಈಗ ಆ ಹಾಡು ಯಾವ ಎತ್ತನ್ನೂ ನಡೆಸೂದಿಲ್ಲ. ಆದರೆ ಗಡಹಿಂಗ್ಲಜ ಕಡೆ ನಮ್ಮ ಮೊಮ್ಮಕ್ಕಳು ಸಾಲಿಯಾಗ ಮರಾಠಿ ಕಲೀತಾರ. ಮೇಟಿ, ಹಂತಿ, ರಾಶಿ ಅನ್ನುವ ಮಾತು ಅವರಿಗೆ ಇನ್ನೆಲ್ಲಿ ಸಿಗಬೇಕು? ಹಾಡು ನಡೆಸುವ ಕೆಲಸ ಬಿಟ್ಟು ಕಾಯುವ ಕೆಲಸ ಹಿಡಿದೈತಿ.

ಕಾಯಲಿಕ್ಕೂ ಒಂದು ರೀತಿ ಇದೆ. ಹಗೇವಿಗೆ ಜೋಳ ತುಂಬುವ ಮುಂದ ಹಿರಿಯರು ಮೊದಲು ಹಳೇ ಕಾಳು ತೆಗೆಯುತ್ತಿದ್ದರು. ಆಮೇಲೆ ಒಳಗ ಬೆಂಕಿ ಹಾಕಿ ತೇವ ಕಳೆದು, ಒಣ ಹುಲ್ಲು ಹೊಂದಿಸಿ, ಹಸನು ಮಾಡಿದ ಜೋಳ ಸುರುವುತ್ತಿದ್ದರು. ಡಿಸ್ಕ್ ಫಾರ್ಮ್ಯಾಟ್ ಮಾಡುವುದು ಆ ಬೆಂಕಿ ಇದ್ದಂಗ. ಮೊದಲು ಬೆಂಕಿ ಹಾಕಿ ಆಮೇಲೆ ಕಾಳು ತೆಗೀತೀನಿ ಅಂದವನನ್ನು ಊರೇ ನಕ್ಕೀತು. ಇದ್ದದ್ದನ್ನು ಬೇರೆ ಕಡೆ ನಕಲು ಮಾಡಿ, ತೆರೆದು ನೋಡಿ, ಆಮೇಲೆ ಬೆಂಕಿ.

ಏನು ಉಳಿಯಬೇಕು, ಏನು ಹೋಗಬೇಕು ಅಂತ ಯಾರು ಹೇಳಬೇಕು? ಕಂಪ್ಯೂಟರ್ ಬಲ್ಲ ಹುಡುಗನೊಬ್ಬನೇ ಹೇಳಿದರೆ ಸಾಲದು. ಅವನಿಗೆ ಅದು 'ಆಡಿಯೋ 17'. ಮನೆಯ ಮುದುಕಿಗೆ ಅದು ತೀರಿಹೋದ ತಂಗಿಯ ದನಿ. ಅಳಿಸುವ ಮುಂದ ಇಬ್ಬರೂ ಕೂಡಿ ಕೂತು ಕೇಳಬೇಕು. ಹಾಡಿದವರ ಹೆಸರು, ಊರು, ವರ್ಷ ಬರೆದಿಡಬೇಕು. ಎಲ್ಲಾನೂ ಇಟ್ಟುಕೊಳ್ಳುವುದೂ ಸರಿಯಲ್ಲ. ಹೊಟ್ಟು, ಕಾಳು ಕೂಡಿಸಿ ತುಂಬಿದ ಹಗೇವಿನಿಂದ ಉಣ್ಣುವವರು ಯಾರು?

ಹಿರಿಯರಿಗೂ ಇದರಾಗ ಒಂದು ಮಾತೈತಿ. ಹಳೇ ಡಿಸ್ಕಿನಾಗ ಹಳೇ ವಿಂಡೋಸ್ ಹಂಗೇ ಇದ್ದು, ಯಾವುದು ಮೊದಲು ಏಳಬೇಕು ಅನ್ನೂದನ್ನ ಮಷಿನ್ನಿಗೆ ಸರಿಯಾಗಿ ಹೇಳದಿದ್ದರೆ ಅದು ಒಮ್ಮೊಮ್ಮೆ ಹಳೇದನ್ನೇ ಎಬ್ಬಿಸತೈತಿ. ಕೀಲಿಕೈ ಸೊಸೆಗೆ ಕೊಟ್ಟು ಹುಕುಂ ಮಾತ್ರ ಕಟ್ಟೆ ಮೇಲಿಂದ ಹೊರಡಿಸಿದರೆ ಮನೆಗೂ ಇದೇ ಪಾಡು. ಬಿಟ್ಟದ್ದನ್ನು ಪೂರಾ ಬಿಡಬೇಕು. ಆಗಲೇ ಕಾಯಲಿಕ್ಕೆ ಜಾಗ ಆಗತೈತಿ.

ಕಿರಿಯರಿಗೂ ಒಂದು ಮಾತು. ವರ್ಷಗಟ್ಟಲೆ ತಿರುಗಿದ ತಟ್ಟೆ ಯಾವತ್ತು ನಿಂತೀತೋ ಹೇಳಲಿಕ್ಕಾಗದು. ಹಗೇವು ತೆರೆದರೆ ದೀಪ ಇಳಿಬಿಟ್ಟು ನೋಡದೇ ಯಾರೂ ಇಳಿಯುತ್ತಿರಲಿಲ್ಲ. ಹಂಗ ಡಿಸ್ಕನ್ನೂ ಆಗಾಗ ತಪಾಸ ಮಾಡಬೇಕು. ಮತ್ತೆಲ್ಲೂ ಸಿಗದ್ದನ್ನು ಅದರೊಂದರಾಗೇ ಇಡಬಾರದು. ಬಿತ್ತುವ ಬೀಜವನ್ನು ರೈತ ಒಂದೇ ಗಡಿಗೆಯಲ್ಲಿ ಇಡೂದಿಲ್ಲ. ಇನ್ನೊಂದು ನಕಲು ಇನ್ನೊಂದು ಮನೆಯಲ್ಲಿರಲಿ. ಮುದುಕನಿಗೆ ಕೆಲಸ ಕೊಡುವುದು ಮರ್ಯಾದೆ, ಅವನೊಬ್ಬನ ಹೆಗಲಿಗೇ ಎಲ್ಲಾ ಭಾರ ಹೇರುವುದು ಮರ್ಯಾದೆ ಅಲ್ಲ.

ಕಡೀಕ ಒಂದು ಮಾತು. ಹಗೇವಿನ ಜೋಳ ತೆಗೆದು ಉಂಡರೆ ಅನ್ನ, ಮರೆತು ಬಿಟ್ಟರೆ ಮುಗ್ಗಲು. ಡಿಸ್ಕ್ ಹಾಡನ್ನು ಕಾಯಬಲ್ಲದು, ಹಾಡಲಾರದು. ವರ್ಷಕ್ಕೊಮ್ಮೆಯಾದರೂ ತೆರೆದು, ಕೇಳಿ, ಒಂದು ಮಗುವಿನ ಬಾಯಿಗೆ ಒಂದು ಪದ ಕಲಿಸಿದರೆ ಕಾದವರ ಶ್ರಮಕ್ಕೂ ಅರ್ಥ ಬರತೈತಿ. ಎಬ್ಬಿಸುವ ಕೆಲಸ ದೊಡ್ಡದೋ, ಕಾಯುವ ಕೆಲಸ ದೊಡ್ಡದೋ ಅಂತ ಕೇಳಿದರೆ ನನ್ನ ಉತ್ತರ ಇಷ್ಟು: ಕಾದಿಟ್ಟದ್ದನ್ನು ಕೇಳುವವರು ಇರುವ ತನಕ ಎರಡೂ ಸರಿಸಮ.