ಋಷಿಋಣವೂ ಮನೆಯ ಪಾಠವೂ

ಮನುಷ್ಯನು ಮೂರು ಋಣಗಳನ್ನು ಹೊತ್ತುಕೊಂಡೇ ಹುಟ್ಟುತ್ತಾನೆಂದು ವೇದವು ಹೇಳುತ್ತದೆ. ದೇವಋಣವು ಯಜ್ಞದಿಂದಲೂ, ಪಿತೃಋಣವು ಸಂತಾನದಿಂದಲೂ, ಋಷಿಋಣವು ಅಧ್ಯಯನದಿಂದಲೂ ತೀರತಕ್ಕವು. ಇವುಗಳಲ್ಲಿ ಮೊದಲೆರಡರ ನೆನಪು ನಮ್ಮ ಮನೆಗಳಲ್ಲಿ ಇನ್ನೂ ಇದೆ. ಹಬ್ಬಹರಿದಿನಗಳು ನಡೆಯುತ್ತಿವೆ, ಶ್ರಾದ್ಧಕರ್ಮಗಳು ನಡೆಯುತ್ತಿವೆ. ಮೂರನೆಯದನ್ನು ಮಾತ್ರ ಶಾಲೆಯ ಶುಲ್ಕ ಕಟ್ಟಿದೊಡನೆ ತೀರಿಸಿದೆವೆಂದು ನಾವು ನೆಮ್ಮದಿಯಿಂದ ಇರುತ್ತೇವೆ. 'ಮನೆಪಾಠ' ಎಂಬ ಮಾತನ್ನೇ ನೋಡಬಹುದು. ಮನೆಯವರು ಮನೆಯಲ್ಲಿ ಹೇಳುವ ಪಾಠವೆಂಬುದು ಅದರ ನೇರವಾದ ಅರ್ಥ. ರೂಢಿಯಲ್ಲಾದರೋ ಅದು ಹೊರಗಿನವರಿಗೆ ಹಣ ಕೊಟ್ಟು ಹೇಳಿಸುವ ಪಾಠವಾಗಿದೆ. ಮಾತಿನ ಅರ್ಥ ಜಾರಿದಾಗ ಅದರೊಂದಿಗೆ ಒಂದು ಹೊಣೆಯೂ ಜಾರಿತೇ ಎಂಬುದು ಇಲ್ಲಿ ವಿಚಾರಣೀಯವಾದ ಪ್ರಶ್ನೆ.

ಜಾರಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಅವರ ವಾದವು ಉಪೇಕ್ಷೆ ಮಾಡತಕ್ಕದ್ದಲ್ಲ. ಯಜ್ಞವನ್ನು ಋತ್ವಿಜರು ಮಾಡುತ್ತಾರೆ, ಯಜಮಾನನು ದಕ್ಷಿಣೆ ಕೊಡುತ್ತಾನೆ, ಫಲವು ಯಜಮಾನನಿಗೇ ಸಲ್ಲುತ್ತದೆ. ಅದೇ ರೀತಿ ಪಾಠವನ್ನು ಅಧ್ಯಾಪಕರು ಹೇಳಲಿ, ತಂದೆಯು ಶುಲ್ಕ ಕೊಡಲಿ. ಬಲ್ಲವರು ಮಾಡುವ ಕೆಲಸವನ್ನು ಅರೆಬರೆ ತಿಳಿದ ನಾವು ಮಾಡಿ ಕೆಡಿಸುವುದೇಕೆ ಎಂಬುದು ಪೂರ್ವಪಕ್ಷ.

ಪುರೋಹಿತರ ಮನೆಯಲ್ಲಿ ಹುಟ್ಟಿ ಬೆಳೆದ ನಮಗೆ ಈ ದೃಷ್ಟಾಂತದ ಉಳಿದರ್ಧವೂ ಗೊತ್ತು. ಋತ್ವಿಜರು ಎಷ್ಟೇ ಮಂದಿ ಬರಲಿ, ಎಷ್ಟೇ ದೊಡ್ಡ ಹೋಮವಾಗಲಿ, ಎರಡು ಕಾರ್ಯಗಳನ್ನು ಅವರು ಯಜಮಾನನಿಂದ ಕಸಿದುಕೊಳ್ಳುವುದಿಲ್ಲ. ಆರಂಭದಲ್ಲಿ ಸಂಕಲ್ಪವು ಅವನದು. ಆಹುತಿ ಬಿದ್ದಾಗ 'ಇದು ನನ್ನದಲ್ಲ' ಎಂಬ ತ್ಯಾಗವೂ ಅವನದು. ಕೈಯಲ್ಲಿ ಅಕ್ಷತೆ ಹಿಡಿದು ಕುಳಿತಿರಬೇಕಾದವನು ಅವನೇ. ಶಾಲೆಯ ವಿಷಯದಲ್ಲಿಯೂ ಇಷ್ಟೇ. ವ್ಯಾಕರಣವನ್ನೂ ಗಣಿತವನ್ನೂ ಬಲ್ಲವರು ಹೇಳಲಿ. ಆದರೆ 'ಕಲಿಯುವುದು ಈ ಮನೆಯಲ್ಲಿ ಬೆಲೆಯುಳ್ಳ ಕೆಲಸ' ಎಂಬ ಸಂಕಲ್ಪವನ್ನು ಮನೆಯವರೇ ಮಾಡಬೇಕು. ಅದಕ್ಕಾಗಿ ತಮ್ಮ ದಿನದ ಒಂದು ತುಂಡನ್ನು ತಾವೇ ತ್ಯಾಗ ಮಾಡಬೇಕು. ಹಿರಿಯರು ತಮ್ಮ ಹೊತ್ತಿಗೆ ಯೋಗ್ಯವಲ್ಲವೆಂದು ಬಿಟ್ಟದ್ದನ್ನು ಮಗುವು ತನ್ನ ಹೊತ್ತಿಗೆ ಯೋಗ್ಯವೆಂದು ಹೇಗೆ ತಿಳಿದೀತು? ಬಾಯಿಂದ ನಾವು ಏನೇ ಬೋಧಿಸಿದರೂ, ನಾವು ಯಾವುದರ ಮುಂದೆ ಕುಳಿತುಕೊಳ್ಳುತ್ತೇವೆಂಬುದನ್ನು ಮಗು ನೋಡುತ್ತಿರುತ್ತದೆ.

೨೦೨೦ರ ಮಾರ್ಚ್ ತಿಂಗಳಲ್ಲಿ ಮಹಾಮಾರಿಯ ಕಾರಣದಿಂದ ಶಾಲೆಗಳು ಮುಚ್ಚಿದಾಗ ಈ ವಿಷಯವು ಸ್ಪಷ್ಟವಾಯಿತು. ಮುಂದಿನ ತಿಂಗಳುಗಳಲ್ಲಿ ಪಾಠವು ಮೊಬೈಲಿನ ಮೂಲಕ ಅನೇಕ ಮನೆಗಳೊಳಕ್ಕೆ ಬಂದಿತು. ಆದರೆ ಪಾಠವು ಮನೆಗೆ ಬಂದ ಮಾತ್ರಕ್ಕೆ ಅದು ಮನೆಯ ಪಾಠವಾಗಲಿಲ್ಲ. ಮಗುವಿನ ಮುಂದೆ ಪಾಠವಿದ್ದಿತು, ಪಕ್ಕದಲ್ಲಿ ಯಾರೂ ಇರಲಿಲ್ಲ ಎಂಬಂತಾದ ಮನೆಗಳು ಎಷ್ಟೋ. ಪಕ್ಕದಲ್ಲಿ ಅಜ್ಜಿಯೋ ಅಣ್ಣನೋ ಕುಳಿತ ಮನೆಗಳಲ್ಲಿ ಅದೇ ಪಾಠಕ್ಕೆ ಜೀವ ಬಂದಿತು.

ಹಾಗಾದರೆ ಮನೆಯಲ್ಲಿ ಮಾಡುವುದೇನು? ಇದಕ್ಕೆ ಹೊಸ ಉಪಕರಣಗಳನ್ನು ಕೊಳ್ಳಬೇಕಾಗಿಲ್ಲ. ಗೋಡೆಗೆ ತೂಗುಹಾಕಿದ ಪಂಚಾಂಗ, ಹೊಸಿಲ ಮುಂದಿನ ರಂಗವಲ್ಲಿ, ದಿನವೂ ಹೇಳುವ ಸಂಕಲ್ಪ, ಇಷ್ಟು ಸಾಕು. ಇವುಗಳಲ್ಲಿ ಅಡಗಿರುವ ವಿದ್ಯೆಯನ್ನು ಕೆದಕಿ ನೋಡುವ ಅಭ್ಯಾಸವೊಂದೇ ಬೇಕಾದದ್ದು.

ಮೊದಲು ಪಂಚಾಂಗವನ್ನು ತೆಗೆದುಕೊಳ್ಳೋಣ. ಚಂದ್ರನು ಸೂರ್ಯನಿಂದ ೧೨ ಅಂಶ ದೂರ ಸರಿದರೆ ಒಂದು ತಿಥಿ. ಶಾಲೆಯಲ್ಲಿ ಡಿಗ್ರಿ ಎಂದು ಹೇಳುವುದೇ ಈ ಅಂಶ. ಸುತ್ತಿನ ೩೬೦ ಅಂಶಗಳಿಗೆ ೩೦ ತಿಥಿಗಳು. ಶುಕ್ಲ ಬಿದಿಗೆ ತದಿಗೆಯಿಂದ ಮೊದಲುಮಾಡಿ, ದಿನವೂ ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಮಗುವನ್ನು ಮಹಡಿಗೋ ಅಂಗಳಕ್ಕೋ ಕರೆದುಕೊಂಡು ಹೋಗಬೇಕು. ಮುಂದಕ್ಕೆ ಚಾಚಿದ ಕೈಯ ಮುಷ್ಟಿಯು ಆಕಾಶದಲ್ಲಿ ಸುಮಾರು ೧೦ ಅಂಶಗಳನ್ನು ಮುಚ್ಚುತ್ತದೆ. ಸೂರ್ಯನು ಮುಳುಗಿದ ಸ್ಥಳದಿಂದ ಚಂದ್ರನವರೆಗೆ ಎಷ್ಟು ಮುಷ್ಟಿಗಳೆಂದು ಮಗುವೇ ಅಳೆಯಲಿ. ದಿನಕ್ಕೆ ಒಂದು ಮುಷ್ಟಿಗಿಂತ ತುಸು ಹೆಚ್ಚು ದೂರ ಬೆಳೆಯುತ್ತಾ ಹೋಗುವುದು ಕಾಣುತ್ತದೆ. ಅಷ್ಟಮಿಯ ಸಂಜೆ ಅರ್ಧಚಂದ್ರನು ಹೆಚ್ಚುಕಡಿಮೆ ನೆತ್ತಿಯ ಬಳಿ ಇರುತ್ತಾನೆ. ಹುಣ್ಣಿಮೆಯ ದಿನ ಸೂರ್ಯನು ಪಶ್ಚಿಮದಲ್ಲಿ ಇಳಿಯುವಾಗ ಚಂದ್ರನು ಪೂರ್ವದಲ್ಲಿ ಏಳುತ್ತಾನೆ. ಒಂದು ಪಕ್ಷ ಈ ಕೆಲಸವನ್ನು ಮಾಡಿದ ಮಗುವಿಗೆ ತಿಥಿಯೆಂಬುದು ಗೋಡೆಯ ಮೇಲಿನ ಅಕ್ಷರವಾಗಿ ಉಳಿಯುವುದಿಲ್ಲ.

ಅಲ್ಲಿಂದ ಮುಂದಿನ ಪ್ರಶ್ನೆ ತಾನೇ ಹುಟ್ಟುತ್ತದೆ. ಕೆಲವು ತಿಂಗಳುಗಳಲ್ಲಿ ಪಂಚಾಂಗದಲ್ಲಿ ಏಕಾದಶಿಯ ಉಪವಾಸವು ಸ್ಮಾರ್ತರಿಗೆ ಒಂದು ದಿನ, ನಮಗೆ ಮರುದಿನ ಎಂದಿರುತ್ತದೆ. ಇದೇಕೆಂದು ಮಗು ಕೇಳಿದರೆ 'ಸಂಪ್ರದಾಯ' ಎಂದು ಹೇಳಿ ಬಾಯಿ ಮುಚ್ಚಿಸಬಾರದು. ಒಂದು ದಿನಕ್ಕೆ ೬೦ ಘಳಿಗೆ. ಒಂದು ಘಳಿಗೆಗೆ ೨೪ ನಿಮಿಷ. ಸೂರ್ಯೋದಯಕ್ಕೆ ೪ ಘಳಿಗೆ, ಎಂದರೆ ೯೬ ನಿಮಿಷ ಮುಂಚೆ ಅರುಣೋದಯ. ಆ ಹೊತ್ತಿಗೆ ದಶಮಿಯು ಇನ್ನೂ ಉಳಿದಿದ್ದರೆ ಆ ದಿನವನ್ನು ನಾವು ಉಪವಾಸಕ್ಕೆ ಹಿಡಿಯುವುದಿಲ್ಲ. ದಶಮಿಯು ಮುಗಿಯುವ ಕಾಲವನ್ನು ಪಂಚಾಂಗದಲ್ಲಿ ನೋಡಿ, ಸೂರ್ಯೋದಯದಿಂದ ೯೬ ನಿಮಿಷ ಕಳೆದು, ಉಪವಾಸ ಎಂದೆಂಬುದನ್ನು ಮಗುವೇ ನಿರ್ಣಯಿಸಲಿ; ಆಮೇಲೆ ಪಂಚಾಂಗದ ನಿರ್ಣಯದೊಂದಿಗೆ ತಾಳೆ ನೋಡಲಿ. ಕೂಡುವ ಕಳೆಯುವ ಲೆಕ್ಕವೂ ಆಯಿತು, ಆಚರಣೆಯ ಕಾರಣವೂ ತಿಳಿಯಿತು. ಕಾರಣ ತಿಳಿದು ಹಿಡಿದ ಆಚಾರವು ಊರು ಬದಲಾದರೂ ಕೈಬಿಡುವುದಿಲ್ಲ.

ಇನ್ನು ರಂಗವಲ್ಲಿ. ನಡುವಿನ ಸಾಲಿನಲ್ಲಿ ೭ ಚುಕ್ಕಿಗಳನ್ನಿಟ್ಟು, ಎರಡು ಬದಿಗೂ ಸಂದುಚುಕ್ಕಿಯಾಗಿ ೬, ೫, ೪ ಎಂದು ಇಳಿಸಿದರೆ ಒಟ್ಟು ಚುಕ್ಕಿಗಳೆಷ್ಟು? ೩೭. ಇದೇ ಕ್ರಮದಲ್ಲಿ ೩ರಿಂದ ೨ಕ್ಕೆ ಇಳಿಸಿದರೆ ೭. ೫ರಿಂದ ೩ಕ್ಕೆ ೧೯. ೯ರಿಂದ ೫ಕ್ಕೆ ೬೧. ಈಗ ೭, ೧೯, ೩೭, ೬೧ ಎಂಬ ಸಂಖ್ಯೆಗಳನ್ನು ಸಾಲಾಗಿ ಬರೆದು ನಡುವಿನ ವ್ಯತ್ಯಾಸಗಳನ್ನು ಮಗು ಕಂಡುಹಿಡಿಯಲಿ. ಅವು ೧೨, ೧೮, ೨೪ ಆಗುತ್ತವೆ. ಎಲ್ಲವೂ ಆರರ ಮಗ್ಗಿ. ಏಕೆ ಆರು? ರಂಗವಲ್ಲಿಯ ಹೊರಗಿನ ಸುತ್ತನ್ನು ಬೆರಳಿನಿಂದ ಮುಟ್ಟುತ್ತಾ ಬಂದರೆ ಅದಕ್ಕೆ ಆರು ಮೂಲೆಗಳಿರುವುದು ತಿಳಿಯುತ್ತದೆ. ಪ್ರತಿಯೊಂದು ಸುತ್ತೂ ಒಳಗಿನ ಸುತ್ತಿಗಿಂತ ಆರು ಚುಕ್ಕಿ ದೊಡ್ಡದು. ನಮ್ಮ ಅಜ್ಜಿಯಂದಿರು ಈ ಲೆಕ್ಕವನ್ನು ಎಲ್ಲಿಯೂ ಬರೆದಿಡಲಿಲ್ಲ. ಅವರ ಬೆರಳುಗಳಿಗೆ ಅದು ಗೊತ್ತಿತ್ತು. ಹೀಗಿರುವಾಗ ರಂಗವಲ್ಲಿ ಹೆಣ್ಣುಮಕ್ಕಳ ಪಾಠ, ಪಂಚಾಂಗ ಗಂಡುಮಕ್ಕಳ ಪಾಠ ಎಂದು ಹಂಚುವುದರಲ್ಲಿ ಅರ್ಥವಿಲ್ಲ. ಚಂದ್ರನನ್ನು ಮಗಳೂ ಅಳೆಯಲಿ, ಚುಕ್ಕಿಯನ್ನು ಮಗನೂ ಇಡಲಿ.

ಸಂಕಲ್ಪವೂ ಒಂದು ಪಾಠವೇ. ತಾನು ಎಲ್ಲಿ ನಿಂತಿದ್ದೇನೆ, ಯಾವ ಕಾಲದಲ್ಲಿ ನಿಂತಿದ್ದೇನೆ ಎಂಬುದನ್ನು ಹೇಳಿಕೊಳ್ಳದೆ ನಮ್ಮಲ್ಲಿ ಯಾವ ಕರ್ಮವೂ ಮೊದಲಾಗುವುದಿಲ್ಲ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ ಎಂದು ಕ್ರಮವಾಗಿ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಈ ಮಾತನ್ನು ಮಗುವಿನಿಂದ ಬಾಯಿಪಾಠ ಹೇಳಿಸುವುದು ಸುಲಭ. ಒಂದು ಭೂಪಟವನ್ನು ಮುಂದೆ ಹರಡಿಕೊಂಡು ಹೇಳಿಸಿದರೆ ಅದರ ರೀತಿಯೇ ಬೇರೆ. ನಮ್ಮಲ್ಲಿ ಅನೇಕರು ತಾವಿರುವ ನಾಡನ್ನು ಗೋದಾವರಿಯ ದಕ್ಷಿಣ ತೀರವೆಂದು ಹೇಳುತ್ತಾರೆ. ಮೈಸೂರಿನಲ್ಲಿ ಕುಳಿತವರಿಗೆ ಗೋದಾವರಿ ಎಲ್ಲಿ? ಮಗುವು ಹುಡುಕಲಿ. ನಾಸಿಕದ ಸಮೀಪ ತ್ರ್ಯಂಬಕದಲ್ಲಿ ಹುಟ್ಟಿ, ೧,೪೬೫ ಕಿಲೋಮೀಟರು ಹರಿದು, ಆಂಧ್ರದಲ್ಲಿ ಪೂರ್ವಸಮುದ್ರವನ್ನು ಸೇರುವ ನದಿಯ ಗೆರೆಯನ್ನು ಬೆರಳಿನಿಂದ ಎಳೆದು ನೋಡಿದಾಗ, ಅದರ ತೆಂಕಣ ನಾಡೆಲ್ಲವನ್ನೂ ಹಿರಿಯರು ಒಂದೇ ತೀರವೆಂದು ಕಂಡ ದೃಷ್ಟಿಯ ಹರವು ತಿಳಿಯುತ್ತದೆ. ಶ್ರೀ ವಾದಿರಾಜರು ತೀರ್ಥಪ್ರಬಂಧದಲ್ಲಿ ನಾಲ್ಕು ದಿಕ್ಕುಗಳ ಕ್ಷೇತ್ರಗಳನ್ನು ವರ್ಣಿಸಿದ್ದಾರೆ. ರಜಾದಿನಗಳಲ್ಲಿ ವಾರಕ್ಕೆ ಒಂದು ಕ್ಷೇತ್ರದಂತೆ ಅದೇ ಭೂಪಟದಲ್ಲಿ ಗುರುತು ಹಾಕುತ್ತಾ ಹೋದರೆ, ಖರ್ಚಿಲ್ಲದ ಯಾತ್ರೆಯೊಂದು ಮನೆಯಲ್ಲೇ ನಡೆಯುತ್ತದೆ.

ಕಣ್ಣು ಮಂಜಾದ ಹಿರಿಯರು ಮನೆಯಲ್ಲಿದ್ದರೆ ಇನ್ನೂ ಒಂದು ಉಪಾಯವುಂಟು. ಸಂಜೆ ಅವರಿಗೆ ಒಂದು ಪುಟ ಓದಿ ಹೇಳುವ ಕೆಲಸವನ್ನು ಮಗುವಿಗೆ ವಹಿಸಬೇಕು. ತಪ್ಪಿದ ಉಚ್ಚಾರವನ್ನು ಅವರು ತಿದ್ದುತ್ತಾರೆ. ಕಾಣದ ಅಕ್ಷರವನ್ನು ಮಗು ಕಾಣಿಸುತ್ತದೆ. ಇಲ್ಲಿ ಸೇವೆ ಯಾವುದು, ವಿದ್ಯೆ ಯಾವುದು ಎಂದು ಬೇರ್ಪಡಿಸಲಾಗದು.

ಇದಕ್ಕೆಲ್ಲ ಬಿಡುವೆಲ್ಲಿ ಎಂಬುದು ಮುಂದಿನ ಆಕ್ಷೇಪ. ಕಚೇರಿ ದೂರ, ಬಸ್ಸಿನ ಕಾಯುವಿಕೆ, ಮನೆ ಸೇರುವಾಗ ರಾತ್ರಿ. ಈ ಕಷ್ಟವು ಸುಳ್ಳಲ್ಲ. ಆದರೆ ಮೇಲೆ ಹೇಳಿದ ಯಾವುದಕ್ಕೂ ದಿನಕ್ಕೆ ಒಂದು ಘಳಿಗೆಗಿಂತ ಹೆಚ್ಚು ಬೇಡ. ಆ ೨೪ ನಿಮಿಷಗಳಲ್ಲಿ ಮೊಬೈಲನ್ನು ಬೇರೆ ಕೋಣೆಯಲ್ಲಿಡುವುದೇ ಈ ಕಾಲದ ತ್ಯಾಗ. ವಾರದ ದಿನಗಳಲ್ಲಿ ಸಾಧ್ಯವಾಗದವರು ಭಾನುವಾರವನ್ನು ಹಿಡಿಯಲಿ.

ಎರಡನೆಯ ಆಕ್ಷೇಪವು ಇದಕ್ಕಿಂತ ಸೂಕ್ಷ್ಮವಾದುದು. 'ನಮಗೇ ಗೊತ್ತಿಲ್ಲ, ಮಗು ಕೇಳಿದರೆ ಏನು ಹೇಳುವುದು?' ಎಂಬ ಅಂಜಿಕೆ ಅನೇಕ ತಂದೆತಾಯಿಯರಲ್ಲಿದೆ. ಮಗುವಿನ ಮುಂದೆ ಸಣ್ಣವರಾಗುತ್ತೇವೆಂದು ಅವರು ದೂರವಿರುತ್ತಾರೆ. ಇಂಥವರು ಸುಮಧ್ವವಿಜಯದ ಒಂದು ಪ್ರಸಂಗವನ್ನು ನೆನೆಯಬೇಕು. ಮಧ್ಯಗೇಹ ಭಟ್ಟರು ವಿದ್ವಾಂಸರು. ಜನರ ಮುಂದೆ ಪುರಾಣಕ್ಕೆ ಅರ್ಥ ಹೇಳುತ್ತಿದ್ದಾಗ ಮರಗಳ ಹೆಸರುಗಳ ನಡುವೆ 'ಲಿಕುಚ' ಎಂಬ ಒಂದು ಪದದ ಅರ್ಥವನ್ನು ಬಿಟ್ಟು ಮುಂದೆ ಹೋದರು. ಬಾಲಕನಾದ ವಾಸುದೇವನು ಅದನ್ನು ಗಮನಿಸಿ ಪ್ರಶ್ನಿಸಿದನು. ಲಿಕುಚವೆಂದರೆ ಹಲಸಿನ ಜಾತಿಗೆ ಸೇರಿದ ಒಂದು ಮರ. ಅಕ್ಷರ ಕಲಿಸುವಾಗಲೂ ಅಷ್ಟೇ. ನಿನ್ನೆ ಬರೆದದ್ದನ್ನೇ ಇಂದು ಮತ್ತೆ ಬರೆಯುವುದೇಕೆಂದು ಕೇಳಿದವನು ಅದೇ ಬಾಲಕ. ಆಚಾರ್ಯರ ಮಹಿಮೆಯನ್ನು ಹೇಳುವುದಕ್ಕಾಗಿ ನಾರಾಯಣ ಪಂಡಿತಾಚಾರ್ಯರು ಈ ಕಥೆಗಳನ್ನು ಹೇಳಿದ್ದಾರೆ, ನಿಜ. ಆದರೆ ಗೃಹಸ್ಥರಾದ ನಾವು ಆ ತಂದೆಯ ಕಡೆಯಿಂದಲೂ ಅದನ್ನು ನೋಡಬಹುದು. ಮಗನು ಕೇಳಬಲ್ಲಷ್ಟು ಹತ್ತಿರದಲ್ಲಿ ಅವರ ಪಾಠವು ನಡೆಯುತ್ತಿತ್ತು. ಪ್ರಶ್ನೆ ಕೇಳಿದ್ದರಿಂದ ತಂದೆಯ ಗೌರವಕ್ಕೆ ಕುಂದು ಬರಲಿಲ್ಲ. ಗೊತ್ತಿಲ್ಲದ ತಂದೆಯು ಮಗುವಿನೊಂದಿಗೆ ಕುಳಿತು ಹುಡುಕಿದರೆ, ವಿದ್ಯೆಯು ತಮಗಿಂತ ದೊಡ್ಡದೆಂಬ ವಿನಯವನ್ನು ಮಗು ಕಣ್ಣಾರೆ ಕಾಣುತ್ತದೆ. ಈ ಪಾಠವನ್ನು ಎಲ್ಲವನ್ನೂ ಬಲ್ಲ ಅಧ್ಯಾಪಕನೂ ಕಲಿಸಲಾರನು.

ಕೊನೆಯದಾಗಿ ಒಂದು ಎಚ್ಚರಿಕೆ. ಇವನ್ನೆಲ್ಲ ಮಾಡಿದರೆ ಅಂಕಗಳು ಹೆಚ್ಚುತ್ತವೆಯೇ ಎಂದು ಕೇಳಬಾರದು. ಹೆಚ್ಚಲೂಬಹುದು, ಹೆಚ್ಚದೆಯೂ ಇರಬಹುದು. ಮನೆಯ ಪಾಠವನ್ನು ಇನ್ನೊಂದು ಪರೀಕ್ಷೆಯಾಗಿ ಮಾಡಿದ ಕೂಡಲೇ ಮಗುವು ಅದರಿಂದ ಓಡಿಹೋಗುತ್ತದೆ. ಬಂದ ನೆಂಟರ ಮುಂದೆ ಮಗುವನ್ನು ನಿಲ್ಲಿಸಿ ತಿಥಿಗಳ ಪಟ್ಟಿಯನ್ನು ಹೇಳಿಸುವುದೂ, ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸುವುದೂ ತರವಲ್ಲ. ಅಂಥಲ್ಲಿ ಕುಳಿತವರು ಮಗುವಿಗಾಗಿ ಕುಳಿತಿಲ್ಲ, ತಮ್ಮ ಕೀರ್ತಿಗಾಗಿ ಕುಳಿತಿದ್ದಾರೆ. 'ಇದು ನನ್ನದಲ್ಲ' ಎಂದು ಬಿಟ್ಟ ಹೊತ್ತು ಮಾತ್ರ ಆಹುತಿಯಾಗುತ್ತದೆ.

ಬೇಸರ ಬಂದ ದಿನ ಬಿಡಲಿ, ಮರುದಿನ ಹಿಡಿಯಲಿ. ಮೋಡ ಮುಚ್ಚಿದ ಸಂಜೆ ಚಂದ್ರನು ಕಾಣದಿದ್ದರೆ, ಮೋಡದ ಹಿಂದೆ ಅವನು ಎಷ್ಟು ಮುಷ್ಟಿ ದೂರದಲ್ಲಿರಬಹುದೆಂದು ತಂದೆಯೂ ಮಗುವೂ ಊಹಿಸಿ ಬರೆದಿಡಲಿ; ಮೋಡ ಚದುರಿದ ದಿನ ಇಬ್ಬರೂ ಒಟ್ಟಿಗೆ ಅಳೆದು ನೋಡಲಿ. ಇಬ್ಬರಲ್ಲಿ ಯಾರ ಊಹೆ ನಿಜವಾದರೂ ಋಷಿಗಳ ಸಾಲದಲ್ಲಿ ಅಷ್ಟು ಸಂದಾಯವಾದಂತೆಯೇ ಸರಿ.

ಶ್ರೀಕೃಷ್ಣಾರ್ಪಣಮಸ್ತು.