ಕಾಡಿನ ದಾರಿಯಲ್ಲಿ ಧರ್ಮನಿರ್ಣಯ

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯನ್ನು ಅಗ್ರಹಾರದ, ಅಂದರೆ ಬ್ರಾಹ್ಮಣರೇ ನೆಲೆಸಿದ ಊರಿನ, ಕಥೆಯೆಂದು ಓದುವುದು ರೂಢಿಯಾಗಿದ್ದರೂ, ಅದರ ನಾಯಕ ಪ್ರಾಣೇಶಾಚಾರ್ಯರ ಅಂತರಂಗದ ಬೆಳವಣಿಗೆಯನ್ನು ಅರಿಯಬೇಕಾದರೆ ಆ ಅಗ್ರಹಾರವಾದ ದೂರ್ವಾಸಪುರದ ಮನೆಗಳಿಗಿಂತ ಊರಾಚೆಯ ಕಾಡನ್ನೇ ಹೆಚ್ಚು ಗಮನಿಸಬೇಕಾಗುತ್ತದೆ. ಧರ್ಮದ ನಿರ್ಣಯವನ್ನು ಮನುಷ್ಯನು ಗ್ರಂಥಕ್ಕೋ ದೇವರಿಗೋ ವಹಿಸಿಕೊಟ್ಟು ತಾನು ಹೊರಗುಳಿಯಬಹುದೇ ಎಂಬ ಪ್ರಶ್ನೆ ಈ ಕೃತಿಯಲ್ಲಿ ಪಕ್ವವಾಗುವುದು ಅಲ್ಲಿಯೇ.

ಅಗ್ರಹಾರದಲ್ಲಿ ತೀರಿಕೊಂಡ, ಆಚಾರಗೆಟ್ಟ ಬ್ರಾಹ್ಮಣ ನಾರಣಪ್ಪನ ಶವಸಂಸ್ಕಾರವನ್ನು ಯಾರು ಮಾಡಬೇಕೆಂಬುದಕ್ಕೆ ಧರ್ಮಶಾಸ್ತ್ರದಲ್ಲಿ ಉತ್ತರ ಸಿಗದಿದ್ದಾಗ, ಆಚಾರ್ಯರು ಕಾಡಿನ ಮಾರುತಿ ಗುಡಿಗೆ ಹೋಗಿ, ವಿಗ್ರಹದ ಬಲಗಡೆಯ ಹೂ ಬಿದ್ದರೆ ಸಂಸ್ಕಾರ ಸಲ್ಲುತ್ತದೆ, ಎಡಗಡೆಯದು ಬಿದ್ದರೆ ಸಲ್ಲದು ಎಂದು ಪ್ರಸಾದ ಕೇಳಿ ಕೂರುತ್ತಾರೆ. ಇದು ಬರಿಯ ಮುಗ್ಧ ನಂಬಿಕೆಯಲ್ಲ. ಮಧ್ವಾಚಾರ್ಯರ ದ್ವೈತದಲ್ಲಿ ವಿಷ್ಣುವೊಬ್ಬನೇ ಸ್ವತಂತ್ರ, ಜೀವರೆಲ್ಲರೂ ಪರತಂತ್ರರು, ಎಂದರೆ ಅವನ ಅಧೀನರು. ಆ ಜೀವರಲ್ಲಿ ವಾಯು ಉತ್ತಮನು, ಹನುಮ, ಭೀಮ, ಮಧ್ವ ಮೂವರೂ ಅವನ ಅವತಾರಗಳು. ಹೀಗಿರುವಾಗ ಮಾಧ್ವ ಪಂಡಿತನೊಬ್ಬ ಮಾರುತಿಯನ್ನು ಕೇಳುವುದೆಂದರೆ ತನ್ನ ಸಿದ್ಧಾಂತದ ಮೂಲವನ್ನೇ ಕೇಳಿದಂತೆ. ಸಂಜೆಯಾದರೂ ಎರಡು ಹೂಗಳಲ್ಲಿ ಒಂದೂ ಬೀಳದೆ ಹೋದಾಗ ಆಚಾರ್ಯರು ನಿಂತ ನೆಲವೇ ಕುಸಿಯುತ್ತದೆ.

ಹಿಂದಿರುಗುವ ಕತ್ತಲಲ್ಲಿ ನಾರಣಪ್ಪನ ಸಂಗಾತಿಯಾಗಿದ್ದ ಚಂದ್ರಿ ಎದುರಾಗುತ್ತಾಳೆ, ಇಬ್ಬರೂ ಕೂಡುತ್ತಾರೆ. ಗುಡಿಯಲ್ಲಿ ಇಡೀ ದಿನ ಕಾದರೂ ಆಗದ ನಿರ್ಣಯ ಇಲ್ಲಿ ಕೇಳದೆಯೇ ಆಗಿಹೋಗುತ್ತದೆ. ನಡುರಾತ್ರಿ ಎಚ್ಚರವಾದಾಗ ಅವರ ತಲೆ ಅವಳ ತೊಡೆಯ ಮೇಲಿರುತ್ತದೆ. ಸಂಕಲ್ಪವಿಲ್ಲದೆ ಘಟಿಸಿದ ಕರ್ಮಕ್ಕೆ ಕರ್ತೃ ಯಾರು ಎಂಬ ಹಳೆಯ ತತ್ತ್ವಪ್ರಶ್ನೆ ಅಲ್ಲಿಂದ ಮುಂದೆ ಅವರಿಗೆ ಪುರಾಣಪ್ರವಚನದ ವಿಷಯವಾಗಿ ಉಳಿಯದೆ ಸ್ವಂತದ ಸಂಕಟವಾಗುತ್ತದೆ.

ಪತ್ನಿ ಭಾಗೀರಥಿಯ ದಹನ ಮುಗಿಸಿ ಮತ್ತೆ ಕಾಡು ಹೊಕ್ಕಾಗ, ಕಾಲು ಒಯ್ದಲ್ಲಿಗೆ ಹೋಗುವುದೆಂದು ಅವರು ನಡೆಯತೊಡಗುತ್ತಾರೆ. ಹಿಂದೆ ದೇವರಿಗೆ ಒಪ್ಪಿಸಿದ್ದ ನಿರ್ಣಯವನ್ನು ಈಗ ದೇಹಕ್ಕೆ ಒಪ್ಪಿಸುವ ಈ ನಡಿಗೆಯೇ ಕಾದಂಬರಿಯ ಅತ್ಯಂತ ಸೂಕ್ಷ್ಮ ಭಾಗವೆನ್ನಬೇಕು. ಏಕೆಂದರೆ ಹೀಗೆ ನಡೆಯುತ್ತಲೇ, ಆಕಸ್ಮಿಕವಾಗಿ ಆದದ್ದನ್ನು ತನ್ನ ಇಚ್ಛೆಯಿಂದ ಒಪ್ಪಿಕೊಳ್ಳುವವರೆಗೆ ಬಿಡುಗಡೆಯಿಲ್ಲವೆಂಬ ಅರಿವು ಅವರಲ್ಲಿ ಮೂಡುತ್ತದೆ. ದಾರಿಯಲ್ಲಿ ಜೊತೆಯಾಗಿ ಬೆನ್ನುಬಿಡದ ಪುಟ್ಟನೆಂಬವನೊಂದಿಗೆ ಮೇಳಿಗೆಯ ಜಾತ್ರೆಗೆ ಹೋಗಿ, ಸೂತಕದಲ್ಲಿ, ಅಂದರೆ ಸಾವಿನ ಮೈಲಿಗೆಯಲ್ಲಿ, ದೇವಸ್ಥಾನದ ಊಟದ ಪಂಕ್ತಿಯಲ್ಲಿ ಕುಳಿತಾಗ ಆ ಅರಿವು ಭಯವಾಗಿ ಕಾಡುತ್ತದೆ.

ಹೀಗೆ ಆಚಾರವನ್ನು ಬಿಟ್ಟು ದಾರಿ ಹಿಡಿದವರು ಹಿಂದೆಯೂ ಇದ್ದರು. ಇಂದಿನ ವಿಜಯಪುರ ಜಿಲ್ಲೆಯ ಬಾಗೇವಾಡಿಯಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಬಸವಣ್ಣನವರು ಉಪನಯನವನ್ನು ನಿರಾಕರಿಸಿ ಹೊರಟರೆಂದು ಪರಂಪರೆ ಹೇಳುತ್ತದೆ. ಅವರಿಗೆ ದಾರಿಯ ತುದಿಯಲ್ಲಿ ಕೂಡಲಸಂಗಮವಿತ್ತು, ಕರೆದರೆ ಓಗೊಡುವ ದೈವವಿತ್ತು. ಪ್ರಾಣೇಶಾಚಾರ್ಯರಿಗೆ ಅಂಥ ಸಂಗಮವಿಲ್ಲ; ಬಿಟ್ಟುಬಂದ ಅಗ್ರಹಾರಕ್ಕೇ ಮರಳಿ ಎಲ್ಲವನ್ನೂ ಹೇಳಿಬಿಡಬೇಕೆಂದು ಅವರು ಗಾಡಿ ಹತ್ತುತ್ತಾರೆ. ಅಷ್ಟರಲ್ಲಿ ಚಂದ್ರಿ ಮುಸ್ಲಿಮನೊಬ್ಬನ ನೆರವಿನಿಂದ ನಾರಣಪ್ಪನ ಹೆಣವನ್ನು ಸುಟ್ಟಾಗಿದೆಯೆಂಬುದು ಓದುಗರಿಗೆ ಗೊತ್ತು, ಆಚಾರ್ಯರಿಗೆ ಗೊತ್ತಿಲ್ಲ. ಮಾರುತಿಯಿಂದ ಅವರು ಬಯಸಿದ್ದ ಉತ್ತರಕ್ಕೆ ಈಗ ಯಾವ ಕೆಲಸವೂ ಉಳಿದಿಲ್ಲವಾದ್ದರಿಂದ, ಅಗ್ರಹಾರದ ಮುಂದೆ ಅವರು ಇತ್ಯರ್ಥಕ್ಕೆ ಇಡಬಹುದಾದದ್ದು ತಮ್ಮ ಬದುಕೊಂದನ್ನೇ.