ಉಪಕರಣವೋ, ಪರಿಗ್ರಹವೋ?

ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಚಿತ್ರಕಾರ ರೆಂಬ್ರಾಂಟ್ ಬಾಳಿದ ಮನೆಯು 1911ರಿಂದ ವಸ್ತುಸಂಗ್ರಹಾಲಯವಾಗಿದೆ. ಕೆಳಗೆ ಅಡುಗೆಮನೆ, ಗಿರಾಕಿಗಳನ್ನು ಬರಮಾಡಿಕೊಳ್ಳುತ್ತಿದ್ದ ಕೋಣೆ, ಮೇಲೆ ದೊಡ್ಡ ಚಿತ್ರಶಾಲೆ, ಶಂಖ, ಹವಳ, ಶಿರಸ್ತ್ರಾಣ, ರೋಮನ್ ಚಕ್ರವರ್ತಿಗಳ ಮುಖಶಿಲ್ಪಗಳಿಂದ ಕಿಕ್ಕಿರಿದ ಸಂಗ್ರಹದ ಕೋಣೆ. ಯಜಮಾನನು ಈಗತಾನೆ ಎದ್ದು ಹೋದಂತಿದೆ ಎಂದು ನೋಡಿದವರು ಹೇಳುವುದುಂಟು. ವಾಸ್ತವದಲ್ಲಿ ಆತನನ್ನು ಅಲ್ಲಿಂದ ಎಬ್ಬಿಸಲಾಯಿತು. ಈಗ ಅಲ್ಲಿರುವ ಸಾಮಾನುಗಳಲ್ಲಿ ಬಹುಪಾಲು ಆತನವಲ್ಲ. ಅದೇ ಕಾಲದ, ಅದೇ ಬಗೆಯ ಬೇರೆ ವಸ್ತುಗಳು. ಯಾವ ಕೋಣೆಯಲ್ಲಿ ಏನಿತ್ತೆಂಬುದಕ್ಕೆ ಆಧಾರ, 1656ರಲ್ಲಿ ಆತನು ದಿವಾಳಿಯಾದಾಗ ಅಧಿಕಾರಿಗಳು ಕೋಣೆಯಿಂದ ಕೋಣೆಗೆ ನಡೆದು ಬರೆದ 363 ಬಾಬುಗಳ ಪಟ್ಟಿ.

ಲೆಕ್ಕ ಸರಳವಾದುದು. 1639ರಲ್ಲಿ ಮನೆ ಕೊಂಡದ್ದು 13,000 ಗಿಲ್ಡರುಗಳಿಗೆ, ಕಂತಿನ ಮೇಲೆ. ಹದಿನಾಲ್ಕು ವರ್ಷ ಕಳೆದರೂ ಬೆಲೆ ತೀರಲಿಲ್ಲ. 1653ರಲ್ಲಿ ಹೊಸ ಸಾಲಗಳಾದವು. ಇದರ ನಡುವೆಯೂ ಹರಾಜಿನ ಕಟ್ಟೆ ಹತ್ತುವುದು ನಿಲ್ಲಲಿಲ್ಲ. 1658ರಲ್ಲಿ ಮನೆಯೇ ಹರಾಜಿಗೆ ಬಂದು 11,218 ಗಿಲ್ಡರುಗಳಿಗೆ ಹೋಯಿತು.

ಆಚಾರ್ಯ ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸದೆ ಮೂರ್ಛೆಯಲ್ಲಿ, ಎಂದರೆ ಮಮಕಾರದಲ್ಲಿ ಗುರುತಿಸಿದರು. ಆದ್ದರಿಂದಲೇ ಮುನಿಗಳ ಪಿಂಛ, ಕಮಂಡಲಗಳು ಉಪಕರಣವೆನಿಸುತ್ತವೆ, ಪರಿಗ್ರಹವೆನಿಸುವುದಿಲ್ಲ. ಹಾಗಾದರೆ ಚಿತ್ರಕಾರನ ಶಿರಸ್ತ್ರಾಣವೂ ಉಪಕರಣವೇ ಅಲ್ಲವೇ? ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಮೊಗಲ್ ಕಿರುಚಿತ್ರಗಳನ್ನು ನೋಡಿ ಆತನು ಬರೆದ ಇಪ್ಪತ್ತಕ್ಕೂ ಮಿಕ್ಕ ರೇಖಾಚಿತ್ರಗಳು ಉಳಿದಿವೆ. ಜಹಾಂಗೀರ್, ಷಾಜಹಾನ್ ಅವರ ರೂಪಗಳು ಅವುಗಳಲ್ಲಿವೆ. ಕಣ್ಣಿಗೆ ಬಿದ್ದುದು ಕೈಗೆ ಕೆಲಸವಾಯಿತು. ಆದರೆ ಸ್ವಾಮಿ ಸಮಂತಭದ್ರರು ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹವನ್ನು ಎಣಿಸಿದ್ದಾರೆ. ಪರಿಮಾಣವೆಂದರೆ ಮಿತಿ, ಪರರ ಹಣದಲ್ಲಿ ಕೊಂಡ ಉಪಕರಣಕ್ಕೆ ಮಿತಿಯನ್ನು ಹಾಕುವವರು ಯಾರು?

ಇನ್ನೊಂದು ಸಂಗತಿಯಿದೆ. ದಿವಾಳಿಗೆ ಕೆಲವೇ ವಾರಗಳ ಮುನ್ನ, 1656ರ ಮೇ ತಿಂಗಳಲ್ಲಿ, ಆತನು ಮನೆಯನ್ನು ಮಗ ಟೈಟಸನ ಹೆಸರಿಗೆ ಮಾಡಿದನು. ತೀರಿಕೊಂಡ ತಾಯಿಯ ಪಾಲು ಮಗನಿಗೆ ಸಲ್ಲಬೇಕಾಗಿದ್ದುದೂ ನಿಜ. ಆದರೂ ಸಾಲ ಕೊಟ್ಟವರು ಬಾಗಿಲಲ್ಲಿ ನಿಂತಿರುವಾಗ ಮಾಡಿದ ಬರಹವನ್ನು ಅಚೌರ್ಯವ್ರತಿಯಾದ ವ್ಯಾಪಾರಿಯು ನಿರ್ಮಲವೆಂದು ಒಪ್ಪಲಾರನು. ಮಹಾಕಲಾವಿದನೆಂಬ ಕಾರಣಕ್ಕೆ ಇದನ್ನು ಮುಚ್ಚಿಡುವ ಜೀವನಚರಿತ್ರೆಗಳು ಓದುಗರಿಗೆ ಉಪಕಾರ ಮಾಡುವುದಿಲ್ಲ.

ವಸ್ತು ಹೋದರೆ ಮೂರ್ಛೆಯೂ ಹೋಗುವುದೆಂದು ಭಾವಿಸುವವರು ಮುಂದಿನ ಕಥೆಯನ್ನು ನೋಡಬೇಕು. ಬಾಡಿಗೆ ಮನೆಯಲ್ಲಿ ಆತನು ಚಿತ್ರ ಬರೆಯುವುದನ್ನು ಬಿಡಲಿಲ್ಲ. ಬಟ್ಟೆಯ ಗುಣವನ್ನು ಪರೀಕ್ಷಿಸುತ್ತಿದ್ದ ವರ್ತಕ ಸಂಘದ ಅಧಿಕಾರಿಗಳ ಪ್ರಸಿದ್ಧ ಚಿತ್ರ 1662ರದು. ಸಂಗ್ರಹಿಸುವುದನ್ನೂ ಬಿಡಲಿಲ್ಲ. 1669ರಲ್ಲಿ ಮಡಿದಾಗ ಅಪೂರ್ವ ವಸ್ತುಗಳು ಮತ್ತೆ ಕೋಣೆಗಳಲ್ಲಿ ತುಂಬಿದ್ದವು. ಕಳೆದುಕೊಳ್ಳುವುದು ಬೇರೆ, ತ್ಯಜಿಸುವುದು ಬೇರೆ.

ಹಾಗಿದ್ದಲ್ಲಿ ಒಬ್ಬನ ಪರಿಗ್ರಹವನ್ನು ಸಾರ್ವಜನಿಕ ಸಂಸ್ಥೆಯೊಂದು ಪುನಃ ಜೋಡಿಸಿಟ್ಟರೆ ಅದು ಪರಿಗ್ರಹವಾಗಿಯೇ ಉಳಿಯುವುದೇ? ಆ ಮನೆಯಲ್ಲಿ ಬಣ್ಣ ಅರೆಯುವುದನ್ನೂ ತಾಮ್ರದ ತಗಡಿನಿಂದ ಅಚ್ಚು ತೆಗೆಯುವುದನ್ನೂ ಬಂದವರೆದುರು ಮಾಡಿ ತೋರಿಸುತ್ತಾರೆ. ಅಲ್ಲಿ ವಸ್ತುವು ಮರಳಿ ಉಪಕರಣವಾಗಿದೆ. ಬಸದಿಗಳ ಆಡಳಿತ ಮಂಡಳಿಗಳಿಗೆ ಈ ಪ್ರಶ್ನೆ ದೂರದ್ದಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯು ಧವಲದ ಓಲೆಗರಿಗಳನ್ನು ಶತಮಾನಗಳ ಕಾಲ ಕಾಪಾಡದಿದ್ದರೆ ಷಟ್ಖಂಡಾಗಮವೇ ನಮಗೆ ಇಲ್ಲವಾಗುತ್ತಿತ್ತು. ಆ ಋಣ ತೀರುವಂಥದ್ದಲ್ಲ. ಆದರೆ ದೀರ್ಘಕಾಲ ಅವು ದರ್ಶನಕ್ಕೆ ಮಾತ್ರ ದೊರೆತವು, ಅಧ್ಯಯನಕ್ಕಲ್ಲ, ಅಚ್ಚಾಗತೊಡಗಿದ್ದು 1939ರಲ್ಲಿ. ಸಾಲ ವಸೂಲಿಗಾಗಿ ಬರೆದ ಪಟ್ಟಿಯೊಂದರಿಂದ ಆಮ್‌ಸ್ಟರ್‌ಡ್ಯಾಮಿನಲ್ಲಿ ಇಡೀ ಮನೆ ಮರಳಿ ಎದ್ದಿತು. ಭಕ್ತಿಯಿಂದ ಬೀಗ ಹಾಕಿಟ್ಟ ಕಪಾಟುಗಳಲ್ಲಿ ಏನೇನಿದೆ ಎಂಬ ಪಟ್ಟಿಯಾದರೂ ಎಷ್ಟು ಬಸದಿಗಳಲ್ಲಿದೆ?